ಅಳಿಲು ಮಾರ್ಕಿನ ಕತ್ತಿಯೂ ನನ್ನ ಕೈಗುಣವೂ

ನಮ್ಮ ಮಾವನವರಿಗೆ ದೇವರ ಮೇಲೆ ಆಗಾಗ ಅನುಮಾನ ಬರುತ್ತಿತ್ತು. ಅಳಿಲು ಮಾರ್ಕಿನ ಕತ್ತಿಯ ಮೇಲೆ ಒಂದು ದಿನವೂ ಬಂದದ್ದಿಲ್ಲ. ಮಳೆ ಕೈಕೊಟ್ಟರೆ ಮನೆದೇವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಮನುಷ್ಯ, ಆ ಕತ್ತಿಯ ಬಗ್ಗೆ ಯಾರಾದರೂ ಅರ್ಧ ಮಾತು ಎತ್ತಿದರೆ ಸಾಕು, ಹೆಗಲ ಮೇಲಿನ ಟವಲು ಕೊಡವಿ ಜಗಳಕ್ಕೆ ನಿಲ್ಲುತ್ತಿದ್ದರು. ಅವರೊಬ್ಬರೇ ಅಲ್ಲ, ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳ ಸಾಕುವ ಮನೆಗಳ ಗಂಡಸರೆಲ್ಲ ಹಾಗೇ. ಹೆಣ್ಣು ನೋಡಲು ಹೋದರೂ ಹುಡುಗಿಯ ಮುಖ ನೋಡುವ ಮುಂಚೆ, ಆ ಮನೆಯ ಗೋಡೆಗೆ ಸಿಕ್ಕಿಸಿದ ಕತ್ತಿ ಯಾವ ಮಾರ್ಕಿನದು ಅಂತ ಕಣ್ಣು ಹಾಯಿಸುವ ಜನ.

ಕತ್ತಿ ತಯಾರಾಗುತ್ತಿದ್ದದ್ದು ಚಿಂತಾಮಣಿಯ ಒಂದು ಕುಲುಮೆಯಲ್ಲಿ. ಕರೀ ಮರದ ಹಿಡಿ, ಮಂಕು ಬಣ್ಣದ ಅಲಗು, ಅಲಗಿನ ಬುಡದಲ್ಲಿ ಒಂದು ಅಳಿಲಿನ ಮುದ್ರೆ. ಅಳಿಲು ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಅದು ಮುಂಗುಸಿಯೂ ಆಗಬಹುದಿತ್ತು, ಕಾಲು ಮುರಿದ ಬೆಕ್ಕೂ ಆಗಬಹುದಿತ್ತು. ಹಾಗಂತ ಒಮ್ಮೆ ನಗುತ್ತಾ ಹೇಳಿದ್ದಕ್ಕೆ ಮಾವನವರು ಎರಡು ದಿನ ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಸೇರು ಪಾವು ಹೋಗಿ ಕೇಜಿ ಬರುತ್ತಿದ್ದ ಕಾಲದಲ್ಲಿ. ಮನೆ ಶಿಡ್ಲಘಟ್ಟದ ಹತ್ತಿರದ ಹಳ್ಳಿ. ನನ್ನ ತವರು ಗೌರಿಬಿದನೂರು ತಾಲ್ಲೂಕಿನಲ್ಲಿ, ತೊಂಡೇಬಾವಿ ಕಡೆ. ನಮ್ಮಲ್ಲಿ ರಾಗಿ, ಕಡಲೆಕಾಯಿ, ಮೆಣಸಿನಕಾಯಿ. ರೇಷ್ಮೆ ಹುಳವನ್ನು ನಾನು ಕಣ್ಣಿಂದ ಕಂಡದ್ದೇ ಮದುವೆಯಾದ ಮೇಲೆ. ಇಲ್ಲಿ ನೋಡಿದರೆ ಹುಳಕ್ಕೆ ಪ್ರತ್ಯೇಕ ಕೋಣೆ, ನಮಗೆ ಮಲಗಲು ನಡುಮನೆ. ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಮುಟ್ಟಾದವರು ಹತ್ತಿರ ಸುಳಿಯುವಂತಿಲ್ಲ, ಹುಳ ಮನೆಯಲ್ಲಿದ್ದಷ್ಟು ದಿನ ಒಗ್ಗರಣೆಯ ಘಾಟು ಏಳುವಂತಿಲ್ಲ. ಬಸುರಿ ಹೆಂಗಸಿಗೂ ಅಷ್ಟು ಉಪಚಾರ ಮಾಡಿದ್ದನ್ನು ನಾನು ಆ ಮನೆಯಲ್ಲಿ ಕಂಡಿಲ್ಲ.

ಮೊಟ್ಟೆಯಿಂದ ಆಗಷ್ಟೇ ಹೊರಬಂದ ಹುಳಕ್ಕೆ ಚಾಕಿ ಹುಳ ಅನ್ನುತ್ತಾರೆ. ಇರುವೆಗಿಂತ ಸಣ್ಣದು. ಅದಕ್ಕೆ ಇಡೀ ಎಲೆ ಹಾಕಿದರೆ ತಿನ್ನಲಾರದು. ಎಳೇ ಹಿಪ್ಪುನೇರಳೆ ಸೊಪ್ಪನ್ನು ಮರದ ಹಲಗೆಯ ಮೇಲೆ ಸುರುಳಿ ಹಿಡಿದು ಸಣ್ಣಗೆ ಹೆಚ್ಚಿ, ತಟ್ಟೆಯ ಮೇಲೆ ಉದುರಿಸಬೇಕು. ಕತ್ತಿ ಹರಿತವಿದ್ದರೆ ಸೊಪ್ಪು ಬಹಳ ಹೊತ್ತು ಹಸಿಯಾಗಿ ನಿಲ್ಲುತ್ತದೆ. ಮೊಂಡಾಗಿದ್ದರೆ ಸೊಪ್ಪು ಕುಯ್ಯುವುದಿಲ್ಲ, ಜಜ್ಜುತ್ತದೆ. ಅಂಚು ಕಪ್ಪಾಗಿ ಬಾಡಿಹೋಗುತ್ತದೆ, ಹುಳ ಅದನ್ನು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಸೊಪ್ಪು ಹೆಚ್ಚುವವಳ ಕೈ ಅಂದರೆ ಅಲ್ಲಿ ಸಾಮಾನ್ಯದ ಕೈಯಲ್ಲ. ಹುಳ ಚೆನ್ನಾಗಿ ಬಂದರೆ ಆ ಮನೆಯ ಹೆಂಗಸಿನ ಕೈಗುಣ ಒಳ್ಳೆಯದು, ಕೆಟ್ಟರೆ ಅವಳ ಕೈಗುಣ ಕೆಟ್ಟದು. ಗಂಡಸರಿಗೆ ಕೈಯೂ ಇರಲಿಲ್ಲ, ಗುಣವೂ ಇರಲಿಲ್ಲ, ಅವರು ಗೂಡು ಮಾರಿ ಬರುತ್ತಿದ್ದರು.

ಮನೆಗೆ ಸೊಸೆ ಬಂದಾಗ ಅವಳ ಹೆಸರಿನಲ್ಲಿ ಒಂದು ಹೊಸ ಅಳಿಲು ಮಾರ್ಕಿನ ಕತ್ತಿ ತರುವುದು ಆ ಕಡೆಯ ಪದ್ಧತಿ. ನಮ್ಮತ್ತೆಯ ಕತ್ತಿ ಅವರ ಜೊತೆಯೇ ಆ ಮನೆಗೆ ಬಂದದ್ದು. ಸಾಣೆ ಹಿಡಿದು ಹಿಡಿದು ಬೆರಳಿನಷ್ಟು ಅಗಲಕ್ಕೆ ಸವೆದಿತ್ತು. ಪ್ರತಿ ಸಲ ಚಾಕಿ ಹುಳಕ್ಕೆ ಮೊದಲ ಸೊಪ್ಪು ಹೆಚ್ಚುವ ಮುಂಚೆ ಅತ್ತೆ ಉಂಗುರದ ಬೆರಳಲ್ಲಿ ಕುಂಕುಮ ತೆಗೆದು, ಬೇರೆಲ್ಲೂ ಅಲ್ಲ, ಸರಿಯಾಗಿ ಆ ಅಳಿಲಿನ ಮೇಲೆಯೇ ಇಡುತ್ತಿದ್ದರು. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಅಂತ ನೆಲದ ಮೇಲಿಟ್ಟು, ಅಲ್ಲಿಂದ ನಾವು ಎತ್ತಿಕೊಳ್ಳಬೇಕು. ನೆಲದ ಮೇಲಿಟ್ಟೇ ಕೊಟ್ಟರು. ಜಗಳವಂತೂ ತಪ್ಪಲಿಲ್ಲ.

ನನ್ನ ಕತ್ತಿ ತರಲು ಮಾವನವರು ಸಣ್ಣ ರೈಲು ಹತ್ತಿ ಚಿಂತಾಮಣಿಗೆ ಹೋದರು. ಶಿಡ್ಲಘಟ್ಟದ ಅಂಗಡಿಯಲ್ಲೇ ಸಿಗುತ್ತಿತ್ತು, ಆದರೆ ಭಕ್ತರು ಕ್ಷೇತ್ರಕ್ಕೇ ಹೋಗಬೇಕಲ್ಲ. ಸಂಜೆ ಬಂದವರ ಮುಖ ಮದುವೆ ಗಂಡಿನ ಮುಖದ ಹಾಗೆ ಹೊಳೆಯುತ್ತಿತ್ತು. ನಮ್ಮ ಅಳಿಲನ್ನು ಬೊಂಬಾಯಿಯ ದೊಡ್ಡ ಕಂಪನಿಯವರು ಕೊಂಡುಕೊಂಡರಂತೆ. ಈಗ ಅಲ್ಲಿ ಹೊಗೆ ಹಿಡಿದ ಕುಲುಮೆಯಲ್ಲ, ಗಾಜಿನ ಬೀರು ಇಟ್ಟ ಅಂಗಡಿಯಂತೆ. ಪ್ಯಾಂಟು ಹಾಕಿದ ಒಬ್ಬ ಏಜೆಂಟು, ಕುರ್ಚಿ ಹಾಕಿ ಕೂರಿಸಿ ಮಾತಾಡಿಸಿದನಂತೆ. "ನಾನು ಹುಡುಗನಾಗಿದ್ದಾಗ್ಲೇ ಕಂಡುಹಿಡಿದಿದ್ದೆ ಈ ಕತ್ತೀನ. ಬೊಂಬಾಯಿಯೋರಿಗೆ ಈಗ ಗೊತ್ತಾಯ್ತು ನೋಡು," ಅಂತ ಜಗುಲಿಯಲ್ಲಿ ಕೂತವರಿಗೆಲ್ಲ ಹೇಳಿದರು. ಕಂಪನಿಯವರು ಅವರನ್ನೇ ಕೇಳಿ ಕೊಂಡುಕೊಂಡ ಹಾಗಿತ್ತು ಆ ಧಾಟಿ.

ಕತ್ತಿ ರಟ್ಟಿನ ಪೆಟ್ಟಿಗೆಯಲ್ಲಿ, ಹತ್ತಿಯ ಹಾಸಿಗೆಯ ಮೇಲೆ ಮಲಗಿತ್ತು. ಕೆಂಪು ಬಣ್ಣದ ಹಿಡಿ. ಮುಖ ನೋಡಿಕೊಂಡು ಬೊಟ್ಟು ಇಟ್ಟುಕೊಳ್ಳುವಷ್ಟು ಹೊಳಪು. ಅಳಿಲಿಗೂ ಒಳ್ಳೆಯ ಕಾಲ ಬಂದಿತ್ತು: ಮೀಸೆ ಬಂದಿತ್ತು, ಕಣ್ಣು ಬಂದಿತ್ತು, ಕೈಯಲ್ಲಿ ಒಂದು ಕಾಯಿ ಹಿಡಿದು ತಿನ್ನುತ್ತಿತ್ತು. ಇಷ್ಟು ವರ್ಷ ಉಪವಾಸವಿದ್ದ ಪ್ರಾಣಿ ಕಂಪನಿಯ ಮನೆ ಸೇರಿ ಹೊಟ್ಟೆತುಂಬ ಉಣ್ಣುತ್ತಿದೆ ಅಂದುಕೊಂಡೆ. ಪೆಟ್ಟಿಗೆಯನ್ನು ಎಸೆಯಲು ಬಿಡದೆ ಮಾವನವರು ದೇವರ ಗೂಡಿನ ಪಕ್ಕದಲ್ಲಿ ಇಟ್ಟರು.

ಅತ್ತೆ ಅಳಿಲಿಗೆ ಕುಂಕುಮವಿಟ್ಟು, ಕತ್ತಿಯನ್ನು ನೆಲದ ಮೇಲಿಟ್ಟರು. ನಾನು ಎತ್ತಿಕೊಂಡು ಹೆಚ್ಚಲು ಕೂತೆ. ಮೊದಲ ಹಿಡಿ ಸೊಪ್ಪು ಸೊಗಸಾಗಿ ಕುಯ್ದಿತು. ಎರಡನೆಯ ಹಿಡಿಗೆ ಕತ್ತಿ ಜಾರಿತು. ಮೂರನೆಯ ಹಿಡಿಗೆ ಬಂದಾಗ ನಾನು ಸೊಪ್ಪು ಹೆಚ್ಚುತ್ತಿರಲಿಲ್ಲ, ಚಟ್ನಿ ಅರೆಯುತ್ತಿದ್ದೆ. ಸಾಣೆಕಲ್ಲಿಗೆ ಉಜ್ಜಿದೆ, ಮತ್ತೆ ಒಂದು ಹಿಡಿ ಚೆನ್ನಾಗಿ ಕುಯ್ದು ಮತ್ತೆ ಮುಷ್ಕರ ಹೂಡಿತು. ಮೇಲೆ ಥಳುಕು, ಒಳಗೆ ಹುಳುಕು. ನನಗೆ ಬಾಯಿ ಕಟ್ಟಿಕೊಂಡಿರುವ ಅಭ್ಯಾಸವಿಲ್ಲ. ಹೊಸ ಸೊಸೆ ಅನ್ನುವುದನ್ನೂ ಮರೆತು, ಈ ಕತ್ತಿ ಚೆನ್ನಾಗಿಲ್ಲ ಅತ್ತೆ, ಅಂದುಬಿಟ್ಟೆ.

ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದರು. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದರು. ಮಾವನವರು ಜಗುಲಿಯಿಂದಲೇ ಕೆಮ್ಮಿದರು. ಆ ಕೆಮ್ಮಿಗೆ ಅರ್ಥ, ಬೊಂಬಾಯಿಗಿಂತ ತೊಂಡೇಬಾವಿ ದೊಡ್ಡದಾಯಿತೇನು ಅಂತ.

ಮುಂದೆ ಆಗಬೇಕಾದದ್ದೇ ಆಯಿತು. ಸೊಪ್ಪಿನ ಅಂಚು ಕಪ್ಪಾಯಿತು. ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಉಳಿಯಿತು. ಹುಳ ಪೊರೆ ಬಿಡುವ ಮುಂಚೆ ತಲೆಯೆತ್ತಿ ಸುಮ್ಮನೆ ನಿಲ್ಲುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಎರಡನೆಯ ಜ್ವರದ ಹೊತ್ತಿಗೆ ಒಂದು ತಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಹುಳ, ಪಕ್ಕದಲ್ಲೇ ಎಳ್ಳುಕಾಳಿನಷ್ಟು ಹುಳ. ಎಳ್ಳುಕಾಳುಗಳೆಲ್ಲ ಸತ್ತವು. ಅತ್ತೆಯ ತವರು ಆಂಧ್ರದ ಗಡಿಯ ಹತ್ತಿರ, ಸಿಟ್ಟು ನೆತ್ತಿಗೇರಿದರೆ ತೆಲುಗು ಬರುತ್ತಿತ್ತು. "ಚೆಯ್ಯಿ ಮಂಚಿದಿ ಕಾದು," ಅಂದರು, ಕೈ ಒಳ್ಳೆಯದಲ್ಲ ಅಂತ. ಆಮೇಲೆ ನನಗೆ ಅರ್ಥವಾಗದೆ ಹೋದೀತು ಅಂತ ಕನ್ನಡದಲ್ಲೂ ಹೇಳಿದರು.

"ಸೊಪ್ಪು ಅದೇ. ಮಾರ್ಕೂ ಅದೇ. ಕೈ ಮಾತ್ರ ಬೇರೆ. ಇನ್ಮೇಲೆ ಹುಳದ ಮನೆ ಹೊಸ್ತಿಲು ದಾಟ್ಬೇಡ ಕಣಮ್ಮ."

ಕೋರ್ಟಿನಲ್ಲೂ ಇಷ್ಟು ಬೇಗ ತೀರ್ಪು ಸಿಗುವುದಿಲ್ಲ. ನಾನು ಅಡುಗೆಮನೆಯ ಈಳಿಗೆಮಣೆಗೂ ಸಗಣಿ ಬುಟ್ಟಿಗೂ ಸೀಮಿತವಾದೆ. ಊರಿಗೆ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ನಾನು ಬಾವಿಗೆ ಹೋದರೆ ಹಿಪ್ಪುನೇರಳೆ ಬುಟ್ಟಿ ಹೊತ್ತ ಹೆಂಗಸರು ಬುಟ್ಟಿಯನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತಿದ್ದರು. ಪಕ್ಕದ ಮನೆಯಾಕೆ ನನ್ನ ಕೈಯಿಂದ ಹೆಪ್ಪಿಗೆ ಮಜ್ಜಿಗೆ ತೆಗೆದುಕೊಳ್ಳುವುದನ್ನೂ ಬಿಟ್ಟಳು. ನಮ್ಮೆಜಮಾನರು ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು, ಶನಿವಾರ ಬಂದು ಸೋಮವಾರ ಹೋಗುವವರು. ಅವರಿಗೆ ಹೇಳಿಕೊಂಡೆ. ಸ್ವಲ್ಪ ಸಹಿಸಿಕೋ, ಎಲ್ಲ ಸರಿಹೋಗುತ್ತೆ, ಅಂದರು. ವಾರಕ್ಕೊಂದು ದಿನ ಸಹಿಸುವವರಿಗೆ ಹಾಗೆ ಹೇಳುವುದು ಸುಲಭ.

ಮುಂದಿನ ಹುಳದ ಬೆಳೆಗೆ ಅತ್ತೆ ತಮ್ಮ ಹಳೆಯ ಕತ್ತಿಯಲ್ಲೇ ಹೆಚ್ಚಿದರು. ಹುಳ ಬಂಗಾರದ ಹಾಗೆ ಬಂತು. ಇನ್ನು ಕೇಳಬೇಕೇ! ನನ್ನ ಕೈಗೆ ಊರವರು ಹಾಕಿದ್ದ ಮುದ್ರೆ ಇನ್ನಷ್ಟು ಆಳಕ್ಕೆ ಬಿತ್ತು. ಆದರೆ ದೇವರು ಎಲ್ಲರಿಗೂ ಒಬ್ಬನೇ. ಆ ಬೆಳೆ ಮುಗಿಯುವಷ್ಟರಲ್ಲಿ ಸವೆದ ಹಳೆಯ ಅಲಗು ಹಿಡಿಯ ಹತ್ತಿರ ಲಟಕ್ಕನೆ ಮುರಿಯಿತು. ಮಾವನವರು ಮತ್ತೆ ರೈಲು ಹತ್ತಿ ಇನ್ನೊಂದು ಕೆಂಪು ಹಿಡಿಯ ಕತ್ತಿ, ಇನ್ನೊಂದು ರಟ್ಟಿನ ಪೆಟ್ಟಿಗೆ ತಂದರು. ಅತ್ತೆ ಹೆಚ್ಚಿದರು. ಸೊಪ್ಪು ಕಪ್ಪಾಯಿತು. ಹುಳ ಸತ್ತವು.

ಈಗ ಏನು ಹೇಳುತ್ತಾರೋ ನೋಡೋಣ ಅಂತ ನಾನು ಒಲೆಯ ಮುಂದೆ ಕೂತು ಕಿವಿ ನಿಮಿರಿಸಿದೆ. ಮಾವನವರು ಮೊದಲು ಸಾಣೆಕಲ್ಲನ್ನು ಬೈದು ಹೊಸದು ತಂದರು. ಆಮೇಲೆ ಸೊಪ್ಪನ್ನು ಬೈದರು. ಆಮೇಲೆ ಮಲೇರಿಯಾ ಪುಡಿ ಹೊಡೆಯುವವರನ್ನು ಬೈದರು. ಆ ವರ್ಷ ಅವರು ನಮ್ಮೂರ ಕಡೆ ತಲೆಯೇ ಹಾಕಿರಲಿಲ್ಲ. ಬೈಯಲು ಇನ್ನೇನೂ ಉಳಿಯದೆ ಕೊನೆಗೆ ಕತ್ತಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಚಿಂತಾಮಣಿಗೆ ಹೊರಟರು. ಒಂದು ಮಾತು ಕೇಳಿಯೇ ಬರುತ್ತೇನೆ ಅಂತ ಹೋದವರು ಸಂಜೆ ಸುರುಳಿ ಸುತ್ತಿದ ಒಂದು ಕ್ಯಾಲೆಂಡರ್ ಹಿಡಿದು ಬಂದರು. ಏಜೆಂಟು ಕುರ್ಚಿ ಕೊಟ್ಟನಂತೆ, ಸೋಡಾ ತರಿಸಿದನಂತೆ, ನಿಮ್ಮಂಥ ಹಳೇ ಗಿರಾಕಿಗಳೇ ನಮಗೆ ದೇವರು ಅಂದನಂತೆ. ಕತ್ತಿಯನ್ನು ತಿರುಗಿಸಿ ನೋಡಿ, ಅಳಿಲು ಸರಿಯಾಗೇ ಇದೆಯಲ್ಲ ಯಜಮಾನ್ರೆ, ಅಂದನಂತೆ. ಮಾವನವರು ನೋಡಿದರಂತೆ. ಅಳಿಲು ಸರಿಯಾಗೇ ಇತ್ತಂತೆ. ಕಾಯಿ ತಿನ್ನುವ ಬಣ್ಣದ ಅಳಿಲಿನ ಆ ಕ್ಯಾಲೆಂಡರನ್ನು ಅವರು ಹುಳದ ಮನೆಯ ಬಾಗಿಲಿಗೇ ನೇತುಹಾಕಿದರು. ನನಗಿಲ್ಲದ ಪ್ರವೇಶ ಅದಕ್ಕೆ ಸಿಕ್ಕಿತು.

ಮೊಳೆ ಹೊಡೆದು ಇಳಿದವರು ಅದನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ಮುಖ ಸಪ್ಪಗಿತ್ತು. ಕತ್ತಿ ಕೆಟ್ಟಿದೆ ಅನ್ನುವುದು ಅವರಿಗೆ ಆ ಹೊತ್ತಿಗೆ ತಿಳಿದಿತ್ತು ಅಂತಲೇ ನನಗೆ ಇವತ್ತಿಗೂ ಅನಿಸುತ್ತದೆ. ತಿಳಿದದ್ದನ್ನು ಒಪ್ಪಿಕೊಂಡರೆ ಇಷ್ಟು ವರ್ಷ ಆಡಿದ ಮಾತಿಗೆಲ್ಲ ಅರ್ಥವೇನು? ಅಷ್ಟರಲ್ಲಿ ಅತ್ತೆ ಅವರಿಗೊಂದು ದಾರಿ ತೋರಿಸಿದರು. ಸೊಸೆ ಹುಳದ ಮನೆಯೊಳಗೆ ಬರದಿದ್ದರೇನು, ಸೊಪ್ಪಿನ ಬುಟ್ಟಿ ಇಡುವ ಜಗುಲಿ ಗುಡಿಸುವವಳು ಅವಳೇ ತಾನೇ. ಅವಳ ಕೈಯ ಗಾಳಿ ತಾಗಿ ನನ್ನ ಕೈಯೂ ಕೆಟ್ಟಿತು, ಅಂದರು. ಮಾವನವರಿಗೆ ನೀರಲ್ಲಿ ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಗಿತ್ತು, ನಾನೇ ಆ ಹುಲ್ಲುಕಡ್ಡಿ.

ಅದೇ ತಿಂಗಳು ಚಿಂತಾಮಣಿಯಲ್ಲಿ ಅತ್ತೆಯ ತಂಗಿಯ ಮನೆ ಮದುವೆ. ಹಿಂದಿನ ದಿನ ತರಕಾರಿ ಹೆಚ್ಚಲು ನಾವು ಸೊಸೆಯಂದಿರು ಸಾಲಾಗಿ ಕೂತಿದ್ದೆವು. ಅತ್ತೆಯಂದಿರು ದೂರದಲ್ಲಿದ್ದರು, ಆದ್ದರಿಂದ ಬಾಯಿಗಳು ತೆರೆದವು. ನನ್ನ ಪಕ್ಕದಲ್ಲಿದ್ದವಳು ಇನ್ನೂ ಅರಿಶಿನ ಮಾಸದ ಹುಡುಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಕೈಗುಣ ಸರಿಯಿಲ್ಲ ಅಕ್ಕ, ಹುಳ ಎಲ್ಲ ಹೋದವು, ಅಂದಳು. ಅವಳ ಪಕ್ಕದವಳು ಹೆಚ್ಚುತ್ತಿದ್ದ ಬದನೆಕಾಯಿ ಬಿಟ್ಟು ತಲೆಯೆತ್ತಿದಳು. ಅವಳದ್ದೂ ಹೋಗಿತ್ತು. ಅವಳಾಚೆಯವಳದ್ದೂ. ಆ ಸಾಲಿನಲ್ಲಿ ಹೊಸ ಸೊಸೆಯಾಗಿ ಬಂದವಳೆಲ್ಲ ಆ ವರ್ಷ ಕೈ ಕೆಟ್ಟವಳೇ. ಹಿಡಿ ಯಾವ ಬಣ್ಣ, ಅಂತ ಕೇಳಿದೆ. ಕೆಂಪು, ಅಂದರು, ಒಬ್ಬರಾದ ಮೇಲೆ ಒಬ್ಬರು. ನನಗೆ ನಗು ತಡೆಯಲಾಗಲಿಲ್ಲ. ಇಡೀ ತಾಲ್ಲೂಕಿನ ಹೆಣ್ಣುಮಕ್ಕಳ ಕೈ ಒಂದೇ ವರ್ಷ ಕೆಟ್ಟುಹೋಯಿತೇ? ಹಾಗಿದ್ದರೆ ಅದು ಕಾಲರಾ ಇರಬೇಕು, ಆಸ್ಪತ್ರೆಗೆ ಬರೆಯಬೇಕಿತ್ತು.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಅತ್ತೆಯ ತಂಗಿ ಹಾಲು ಕಾಯಿಸುತ್ತಾ ತನ್ನ ಅಕ್ಕನ ಕಿವಿಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಸ್ವಲ್ಪ ದಿನ ತವರಲ್ಲಿ ಬಿಟ್ಟು ನೋಡಿ, ಮನೆ ಸುಧಾರಿಸಿದರೆ ಅಲ್ಲೇ ಇರಲಿ. ಹುಡುಗನಿಗೇನು ವಯಸ್ಸಾಗಿದೆ, ನಮ್ಮ ಕಡೆಯೇ ಹುಳದ ಮನೆಯಲ್ಲಿ ಬೆಳೆದ ಹೆಣ್ಣಿದೆ, ಅಂತ. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಮೀಸೆ ಬಂದ ಒಂದು ಅಳಿಲಿಗಾಗಿ ನನ್ನ ಸಂಸಾರ ಹೋಗುವ ಹೊತ್ತು ಬಂದಿತ್ತು. ಅವತ್ತು ಮೊದಲ ಸಲ ನನಗೆ ನಿಜವಾಗಿಯೂ ಭಯವಾಯಿತು.

ಮದುವೆ ಮುಗಿಸಿ ಬಂದ ವಾರವೇ ನನ್ನನ್ನು ತವರಿಗೆ ಕಳಿಸಿದರು. ಕರೆಯಲು ಯಾವಾಗ ಬರುತ್ತಾರೆ ಅಂತ ಯಾರೂ ಹೇಳಲಿಲ್ಲ. ನಮ್ಮೆಜಮಾನರು ಚಿಕ್ಕಬಳ್ಳಾಪುರದವರೆಗೆ ಜೊತೆಗೆ ಬಂದು ಗೌರಿಬಿದನೂರು ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟರು. ಅವರ ಕೈಲಾದದ್ದು ಅಷ್ಟೇ.

ನಮ್ಮಮ್ಮನಿಗೆ ಓದು ಬರದು, ಮಾರ್ಕು ಗೀರ್ಕು ತಿಳಿಯದು. ನಾನು ಅತ್ತೂ ಅತ್ತೂ ಹೇಳಿದ್ದನ್ನೆಲ್ಲ ರಾಗಿ ಕೇರುತ್ತಾ ಕೇಳಿಸಿಕೊಂಡಳು. ಕತ್ತಿ ಕುಯ್ಯದಿದ್ದರೆ ಕತ್ತಿಯನ್ನು ಬಿಸಾಕುತ್ತಾರೋ, ಕೈಯನ್ನು ಬಿಸಾಕುತ್ತಾರೋ, ಅಂತ ಕೇಳಿದಳು. ಅಷ್ಟು ದಿನ ಆ ಮಾತನ್ನು ಯಾರ ಬಾಯಿಂದಲಾದರೂ ಕೇಳಲು ಕಾಯುತ್ತಿದ್ದೆ ಅನ್ನುವುದು ನನಗೆ ಆಗ ಗೊತ್ತಾಯಿತು. ವಾರದ ಸಂತೆಗೆ ಗೌರಿಬಿದನೂರಿಗೆ ಹೋಗುವಾಗ ನನ್ನನ್ನೂ ಎಬ್ಬಿಸಿಕೊಂಡು ಹೋದಳು.

ಸಂತೆಯ ಮೂಲೆಯಲ್ಲಿ, ಅಲೀಪುರದಿಂದ ಬಂದ ಬಳೆ ಅಂಗಡಿಯ ಪಕ್ಕ, ಒಬ್ಬ ಮುದುಕ ಗೋಣಿಚೀಲದ ಮೇಲೆ ಕತ್ತಿ ಹರಡಿಕೊಂಡು ಕೂತಿದ್ದ. ಕರೀ ಮರದ ಹಿಡಿ, ಮಂಕು ಅಲಗು. ಬಗ್ಗಿ ಅಲಗಿನ ಬುಡ ನೋಡಿದೆ, ಏನೂ ಇರಲಿಲ್ಲ, ಬೋಳು. ನಮ್ಮಮ್ಮ ಒಂದು ಕತ್ತಿ ಎತ್ತಿಕೊಂಡು, ಪಕ್ಕದ ಅಂಗಡಿಯ ಕುಂಬಳಕಾಯಿಯ ತೊಟ್ಟನ್ನು ಸರಕ್ಕನೆ ಕುಯ್ದಳು. ಕುಂಬಳಕಾಯಿಯವನು ಬೊಬ್ಬೆ ಹಾಕಿದ. ಅವಳು ಅವನ ಕಡೆ ತಿರುಗಿಯೂ ನೋಡದೆ ತೊಟ್ಟನ್ನು ನನ್ನ ಮುಂದೆ ಹಿಡಿದಳು. ಕನ್ನಡಿಯ ಹಾಗೆ ನುಣುಪಾಗಿತ್ತು.

ಯಾವ ಊರು ತಾತ, ಅಂತ ಕೇಳಿದೆ. ಚಿಂತಾಮಣಿ, ಅಂದ. ಅಳಿಲು ಮಾರ್ಕಿನ ಕುಲುಮೆಯ ಯಜಮಾನ ಅವನೇ. ಮಾರಿದ್ದು ಏಕೆ ಅಂತ ಕೇಳಿದರೆ, ಬೋಳು ತಲೆ ಕೆರೆದುಕೊಂಡು ನಕ್ಕ. "ಅವ್ರು ಕೇಳಿದ್ದು ಚಿತ್ರ ಮಾತ್ರ ತಾಯಿ. ನಮ್ಮ ತಾತ ಕೆತ್ತಿದ್ದ ಸೊಟ್ಟ ಅಳಿಲು, ಬೇಕಾದ್ರೆ ತಗೊಳ್ಳಿ ಅಂದೆ. ಕತ್ತಿ ಹೆಂಗೂ ನನ್ನತ್ರಾನೇ ಇರ್ತದಲ್ಲ ಅಂದ್ಕೊಂಡೆ. ಜನ ಕೊಳ್ತಿದ್ದಿದ್ದು ಕತ್ತಿ ಅಂತಾನೇ ನಾನು ಇಷ್ಟು ದಿನ ತಿಳ್ಕೊಂಡಿದ್ದು."

ಈಗ ಅವನು ತನ್ನ ಕತ್ತಿಯ ಮೇಲೆ ಅಳಿಲು ಒತ್ತುವಂತಿಲ್ಲ. ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಹಳೇ ಗಿರಾಕಿಗಳು ಕತ್ತಿ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಅಳಿಲಿಲ್ಲ ಅಂತ ಕೆಳಗಿಟ್ಟು, ಅವನ ಎದುರಿಗೇ ಗಾಜಿನ ಬೀರುವಿನ ಅಂಗಡಿಗೆ ಹೋಗುತ್ತಿದ್ದರಂತೆ. ಅದಕ್ಕೆ ಅಳಿಲಿನ ಹೆಸರೇ ಕೇಳದ ಗೌರಿಬಿದನೂರಿಗೆ ಬಂದು ಕೂತಿದ್ದ. ನನಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಎರಡು ತಾಲ್ಲೂಕಿನ ಸೊಸೆಯಂದಿರ ಕಣ್ಣೀರನ್ನು ಬೊಂಬಾಯಿಗೆ ಮಾರಿದ್ದೀಯ ಮಾರಾಯ, ಅಂತ ಬೈಯಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಕತ್ತಿ ಕೊಂಡುಕೊಂಡೆವು.

"ಅವ್ರು ಕರೀಲಿ ಅಂತ ಕಾಯ್ಕೊಂಡು ಕೂತ್ರೆ ಇಲ್ಲೇ ಮುದುಕಿ ಆಗ್ತೀಯ ಕಣೇ," ಅಂದಳು ಅಮ್ಮ. "ಹೋಗು, ನಿನ್ನ ಜಾಗ್ದಲ್ಲಿ ನೀನು ಕೂತ್ಕೋ." ಸೀರೆಗಳ ನಡುವೆ ಕತ್ತಿ ಮಡಿಸಿಟ್ಟುಕೊಂಡು, ಯಾರೂ ಕರೆಯದೆ, ನಾನೇ ಬಸ್ಸು ಹತ್ತಿದೆ.

ಮನೆಗೆ ಬಂದು ನೋಡಿದರೆ ಅತ್ತೆಯ ಬಲ ಮಣಿಕಟ್ಟು ಬನ್ನಿನ ಹಾಗೆ ಊದಿತ್ತು. ಮೊಂಡು ಕತ್ತಿಯಲ್ಲಿ ಗರಗಸ ಎಳೆದ ಹಾಗೆ ಎಳೆದೂ ಎಳೆದೂ ಅರಿಶಿನದ ಪಟ್ಟು ಹಾಕಿಕೊಂಡು ಕೂತಿದ್ದರು. ನಾನಿಲ್ಲದಾಗಲೂ ಒಂದು ಬೆಳೆ ಕೆಟ್ಟಿತ್ತು. ಈಗ ಇನ್ನೊಂದು ಬೆಳೆಯ ಮೊಟ್ಟೆ ಒಡೆದು ಹುಳ ಬಾಯಿ ಬಿಡುತ್ತಿತ್ತು, ಹೆಚ್ಚುವವರಿಲ್ಲ. ಬಾ ಅನ್ನಲೂ ಆಗದೆ ಹೋಗು ಅನ್ನಲೂ ಆಗದೆ ಅತ್ತೆ ಗೋಡೆ ನೋಡಿದರು. ಆಮೇಲೆ ಗೋಡೆಗೇ ಹೇಳುವ ಹಾಗೆ, ಜಗುಲಿಯಲ್ಲೇ ಕೂತು ಹೆಚ್ಚಿ ಬುಟ್ಟಿ ಒಳಗೆ ತಳ್ಳಲಿ, ಹೊಸ್ತಿಲು ಮಾತ್ರ ದಾಟುವುದು ಬೇಡ, ಅಂದರು.

ನಾನು ಕರೀ ಹಿಡಿಯ ಕತ್ತಿ ತೆಗೆದೆ. ಎಲ್ಲಿಯದು ಅಂತ ಅತ್ತೆ ಕೇಳಿದರು. ತವರಿನದು ಅಂದೆ, ಅದು ಸುಳ್ಳಲ್ಲ. ಹಳೇ ಕಾಲದ ಅಳಿಲು ಮಾರ್ಕಿರಬೇಕು, ಅಂತ ತಮಗೆ ತಾವೇ ಹೇಳಿಕೊಂಡು ಸಮಾಧಾನವಾದರು. ನಾನು ಇಲ್ಲ ಅನ್ನಲಿಲ್ಲ. ಕೇಳದೆ ಹೇಳಲು ನಾನೇನು ಏಜೆಂಟೇ?

ಸೊಪ್ಪು ಕೇಸರಿ ಎಳೆಯ ಹಾಗೆ ಉದುರಿತು. ತಟ್ಟೆಗೆ ಹಾಕಿದ್ದು ಹಾಕಿದ ಹಾಗೇ ಖಾಲಿಯಾಯಿತು. ಹುಳ ಎಲ್ಲ ಒಂದೇ ಸಮನಾಗಿ ಬೆಳೆದು, ಎಲ್ಲ ಜ್ವರ ದಾಟಿ, ಗೂಡು ಕಟ್ಟಿದವು. ಊರವರು ಬಂದು ಬಂದು ನೋಡಿ ಹೋದರು. ಅತ್ತೆ ಬಂದವರಿಗೆಲ್ಲ, ಕೈ ಪಳಗಿಸೋದು ಸುಮ್ನೆ ಅಲ್ಲ, ನಾನು ಎಷ್ಟು ಹೇಳಿಕೊಟ್ಟೆ ಗೊತ್ತಾ, ಅಂದರು. ಮಾವನವರು ಜಗುಲಿಯಲ್ಲಿ, ಅವತ್ತು ಚಿಂತಾಮಣಿಗೆ ಹೋಗಿ ನಾನೊಂದು ಮಾತು ಹೇಳಿದ್ದೇ ತಡ ಕಂಪನಿಯವರು ಸರಿಮಾಡಿಬಿಟ್ಟರು, ಅಂದರು. ಯಶಸ್ಸು ಹಂಚಿಹೋಯಿತು, ನನ್ನ ಪಾಲಿಗೆ ಜಗುಲಿ ಉಳಿಯಿತು. ಇನ್ನೊಂದು ಬೆಳೆಗೂ ನಾನು ಹೊರಗೇ ಕೂತು ಹೆಚ್ಚಿದೆ. ಬುಟ್ಟಿ ಒಳಗೆ ಹೋಗುತ್ತಿತ್ತು, ನಾನು ಹೋಗುವಂತಿರಲಿಲ್ಲ.

ಆಯುಧಪೂಜೆ ಬಂತು. ಅವತ್ತು ಯಾವ ಆಯುಧವನ್ನೂ ಕೆಲಸಕ್ಕೆ ಹಚ್ಚುವಂತಿಲ್ಲವಾದ್ದರಿಂದ ಹುಳದ ಸೊಪ್ಪನ್ನು ಮೊದಲೇ ಹೆಚ್ಚಿ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದೆ. ನಡುಮನೆಯಲ್ಲಿ ನೇಗಿಲ ಗುಳ, ಕುಡುಗೋಲು, ಮಚ್ಚು, ಸಾಲಾಗಿ ತೊಳೆದಿಟ್ಟಿದ್ದರು. ಮಾವನವರು ಎಲ್ಲಕ್ಕೂ ವಿಭೂತಿ ಬಳಿದರು. ಸೊಪ್ಪಿನ ಕತ್ತಿಗಳ ಸರದಿ ಅತ್ತೆಯದು. ಉಂಗುರದ ಬೆರಳಲ್ಲಿ ಕುಂಕುಮ ತೆಗೆದು ಮೊದಲನೆಯ ಕೆಂಪು ಹಿಡಿಯ ಕತ್ತಿಯ ಅಳಿಲಿಗೆ ಇಟ್ಟರು. ಎರಡನೆಯದಕ್ಕೂ ಇಟ್ಟರು. ಮೂರನೆಯದಾಗಿ ನನ್ನ ಕತ್ತಿ ಎತ್ತಿಕೊಂಡರು.

ಬುಡ ನೋಡಿದರು. ತಿರುಗಿಸಿ ಈ ಕಡೆ ನೋಡಿದರು. ತುಕ್ಕು ಮುಚ್ಚಿರಬೇಕು ಅಂತ ಸೆರಗಿನಿಂದ ಉಜ್ಜಿದರು. ಕುಂಕುಮದ ಬೆರಳು ಅಲಗಿನ ಉದ್ದಕ್ಕೂ ಹುಡುಕುತ್ತಾ ಹೋಗಿ, ಇಳಿಯಲು ಜಾಗ ಸಿಗದೆ ನಿಂತಿತು.

"ಇದ್ರಲ್ಲಿ ಅಳಿಲೇ ಇಲ್ಲ," ಅಂದರು.

ಮಾವನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಮಾರ್ಕಿಲ್ಲದ ಕತ್ತಿಗೆ ನಮ್ಮ ಮನೆಯಲ್ಲಿ ಪೂಜೆಯೇ, ತೆಗೆದು ಪಕ್ಕಕ್ಕಿಡು, ಅಂದರು. ಅತ್ತೆ ತೆಗೆಯಲಿಲ್ಲ. ನನ್ನ ಕಡೆ ನೋಡಿದರು. ಎಷ್ಟೋ ತಿಂಗಳಿಂದ ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಮಾತು ನನ್ನ ಬಾಯಿಂದ ಬಂತು.

"ಸೊಪ್ಪು ಅದೇ ಅತ್ತೆ. ಕೈನೂ ಅದೇ. ಕತ್ತಿ ಮಾತ್ರ ಬೇರೆ."

ಅತ್ತೆ ಇನ್ನೂ ಊತ ಇಳಿಯದ ತಮ್ಮ ಮಣಿಕಟ್ಟನ್ನು ನೋಡಿಕೊಂಡರು. ಆಮೇಲೆ ನನ್ನ ಬಲಗೈಯನ್ನು ಎಳೆದುಕೊಂಡು, ಬೆರಳಲ್ಲಿ ಒಣಗುತ್ತಿದ್ದ ಆ ಕುಂಕುಮವನ್ನು ನನ್ನ ಅಂಗೈಯ ನಡುವೆ ಒತ್ತಿದರು. ತಪ್ಪಾಯಿತು ಅನ್ನಲಿಲ್ಲ, ಅಂದಿದ್ದರೆ ನಾನೇ ಹೆದರಿಬಿಡುತ್ತಿದ್ದೆ. ಅಲ್ಲೇ ಸುಮ್ನೆ ನಿಂತಿದ್ದೀಯಲ್ಲ, ಹೊತ್ತಾಯ್ತು, ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿ ಬಾ, ಅಂತ ಗದರಿದರು. ನಾನು ಕ್ಯಾಲೆಂಡರಿನ ಅಳಿಲನ್ನು ಪಕ್ಕಕ್ಕೆ ಸರಿಸಿ ಹುಳದ ಮನೆಯ ಹೊಸ್ತಿಲು ದಾಟಿದೆ. ಕಣ್ಣು ಮಂಜಾಗಿ ಒಂದು ಕ್ಷಣ ತಟ್ಟೆಗಳೇ ಕಾಣಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಸೊಪ್ಪು ಹೆಚ್ಚಲು ಕತ್ತಿ ಹುಡುಕಿದರೆ ಇರಲಿಲ್ಲ. ಜಗುಲಿಗೆ ಬಂದು ನೋಡಿದೆ. ಮಾವನವರು ಕನ್ನಡಕ ಹಾಕಿಕೊಂಡು, ಅದನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದು ಮೊಳೆಯಿಂದ ಬುಡದಲ್ಲಿ ಅಳಿಲು ಕೆತ್ತುತ್ತಿದ್ದರು. ನನ್ನನ್ನು ಕಂಡು ಕತ್ತಿಯನ್ನು ನೆಲದ ಮೇಲಿಟ್ಟು, ಬೇರೆ ಕಡೆ ನೋಡಿದರು. ಎತ್ತಿಕೊಂಡು ನೋಡಿದೆ. ಮುಂಗುಸಿಯ ಹಾಗೇ ಇತ್ತು. ಅಲಗಿಗೆ ಏನೂ ಆಗಿರಲಿಲ್ಲ.